ಹಲಸೂರಿನಿಂದ ಶಿವಾಜಿನಗರದವರೆಗೆ ಒಂದು ಭಾನುವಾರ

ದಸರಾ ರಜೆಯಲ್ಲಿ ನಾವು ಮೂವರು ಗೆಳತಿಯರು ಜಪಾನಿನ ಕ್ಯೋಟೊ ನಗರದ ವಿಡಿಯೊ ನೋಡುತ್ತಿದ್ದೆವು. ಒಬ್ಬ ಪ್ರವಾಸಿ ಒಂದೇ ದಿನದಲ್ಲಿ ಬೆಟ್ಟದ ಮೇಲಿನ ಕಿಯೊಮಿಜು ದೇಗುಲ, ಚಿನ್ನದ ಹಾಳೆ ಹೊದಿಸಿದ ಕಿಂಕಾಕುಜಿ, ಸಾವಿರಾರು ಕೆಂಪು ಕಮಾನುಗಳ ಫುಶಿಮಿ ಇನಾರಿ ಎಲ್ಲವನ್ನೂ ಸುತ್ತಿದ. ಅಲ್ಲಿ ಒಳಗೆ ಹೋಗುವ ಮೊದಲು ಉದ್ದ ಹಿಡಿಯ ಸೌಟಿನಿಂದ ನೀರು ತೆಗೆದು ಕೈ, ಬಾಯಿ ತೊಳೆಯುತ್ತಾರೆ. ನನಗೆ ನಮ್ಮ ವುಜೂ ನೆನಪಾಯಿತು. "ಜಪಾನಿಗೆ ಹೋಗಲು ದುಡ್ಡಿಲ್ಲ, ಹಲಸೂರಿಗೆ ಹೋಗಬಹುದಲ್ಲ?" ಎಂದಳು ಒಬ್ಬ ಗೆಳತಿ. ಅವಳದು ಕನ್ನಡದ ಮನೆ. ಇನ್ನೊಬ್ಬಳದು ತಮಿಳು ಕ್ರೈಸ್ತರ ಮನೆ. ನನ್ನದು ಉರ್ದು ಮನೆ. ಮೂವರಿಗೂ ಸೇರಿ ಇರುವ ಭಾಷೆ ಕನ್ನಡ.

ನಮ್ಮ ಲಿಂಗರಾಜಪುರದಿಂದ ಹಲಸೂರು, ಶಿವಾಜಿನಗರ ಎರಡೂ ಹತ್ತಿರ. ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ಅಲ್ಲಿನ ಗೋಪುರ, ಗುಮ್ಮಟಗಳನ್ನು ನೋಡಿದ್ದೇನೆ. ಆದರೆ ಒಳಗೆ ಹೋಗಿರಲಿಲ್ಲ. ಕಾರಣ ಇಷ್ಟೇ, ನಾನು ಹಿಜಾಬ್ ಹಾಕುತ್ತೇನೆ. ಬಾಗಿಲಲ್ಲಿ ಯಾರಾದರೂ "ನೀನೇಕೆ ಇಲ್ಲಿ?" ಎಂದರೆ ಏನು ಹೇಳುವುದು? ಕಳೆದ ಕೆಲವು ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಈ ತಲೆಬಟ್ಟೆಯ ಬಗ್ಗೆ ಎಷ್ಟು ಮಾತಾಗಿದೆ ಎಂಬುದು ನಿಮಗೆಲ್ಲ ಗೊತ್ತು. ಅಮ್ಮಿಗೂ ಅದೇ ಚಿಂತೆ. ದಾದಿ ಮಾತ್ರ, "ನೋಡುವುದು ಬೇರೆ, ಇಬಾದತ್ ಬೇರೆ. ಹೋಗಿ ಬರಲಿ" ಎಂದರು. ಮನೆಯಲ್ಲಿ ದಾದಿಯ ಮಾತೇ ಕೊನೆಯ ಮಾತು.

ಭಾನುವಾರ ಬೆಳಿಗ್ಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಹಿಡಿದು ಹೊರಟೆವು. ಮೊದಲು ಹಲಸೂರಿನ ಸೋಮೇಶ್ವರ ದೇವಸ್ಥಾನ, ಏಕೆಂದರೆ ಮಧ್ಯಾಹ್ನ ಅಲ್ಲಿ ಬಾಗಿಲು ಹಾಕುತ್ತಾರೆ. ಗೋಪುರದ ಕೆಳಗೆ ನನ್ನ ಕಾಲು ನಿಧಾನವಾಯಿತು. ಹೇಳಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ಅಲ್ಲಿದ್ದ ಕಾವಲುಗಾರ ನನ್ನ ಕಡೆ ನೋಡಿ, "ಚಪ್ಪಲಿ ಆ ಕಡೆ ಬಿಡಮ್ಮ" ಎಂದರು. ಅಷ್ಟೇ.

ಈ ದೇವಸ್ಥಾನದ ಮೂಲ ಚೋಳರ ಕಾಲದ್ದು. ವಿಜಯನಗರದ ಕಾಲದಲ್ಲಿ ಯಲಹಂಕದ ನಾಡಪ್ರಭುಗಳು ಅದನ್ನು ಬೆಳೆಸಿದರು. ಮಂಟಪದಲ್ಲಿ 48 ಕಂಬಗಳಿವೆ. ಗೆಳತಿ ದರ್ಶನಕ್ಕೆ ಹೋದಾಗ ನಾನು ಹೊರಗೆ ಕೆತ್ತನೆಗಳನ್ನು ನೋಡುತ್ತಾ ನಿಂತೆ. ಅವಳು ವಾಪಸ್ ಬಂದು, ಕೈಲಾಸ ಪರ್ವತವನ್ನೇ ಎತ್ತಲು ಹೊರಟ ರಾವಣನನ್ನು ತೋರಿಸಿ ಕಥೆ ಹೇಳಿದಳು. ಅಲ್ಲೇ ಕುಳಿತಿದ್ದ ಒಬ್ಬ ಅಜ್ಜ, ಅವಳು ಬಿಟ್ಟಿದ್ದನ್ನೆಲ್ಲ ಸೇರಿಸಿ ಇನ್ನೊಮ್ಮೆ ಹೇಳಿದರು.

ಅಲ್ಲಿಂದ ಹಲಸೂರು ಕೆರೆಯ ದಂಡೆಯ ಗುರುದ್ವಾರಕ್ಕೆ ನಡೆದೇ ಹೋದೆವು. ಇದು ಶುರುವಾದದ್ದು 1946ರಲ್ಲಿ. ಇಲ್ಲಿ ಗಂಡಸರಾಗಲಿ ಹೆಂಗಸರಾಗಲಿ ತಲೆ ಮುಚ್ಚದೆ ಒಳಗೆ ಹೋಗುವಂತಿಲ್ಲ. ಗೆಳತಿಯರಿಬ್ಬರೂ ಬುಟ್ಟಿಯಿಂದ ಬಟ್ಟೆ ತೆಗೆದುಕೊಂಡು, ಜಾರಿದಾಗಲೆಲ್ಲ ಸರಿ ಮಾಡಿಕೊಳ್ಳುತ್ತಾ ಒದ್ದಾಡಿದರು. ಕೊನೆಗೆ ನಾನೇ ನನ್ನ ಎರಡು ಪಿನ್ನು ತೆಗೆದು ಅವರಿಗೆ ಕಟ್ಟಿಕೊಟ್ಟೆ. ಬೆಳಿಗ್ಗೆಯಿಂದ ನನಗೆ ಭಾರವಾಗಿದ್ದ ಬಟ್ಟೆ ಇಲ್ಲಿ ನಿಯಮವೇ ಆಗಿತ್ತು! ನನ್ನ ಹೆಗಲು ಹಗುರವಾದದ್ದು ನನಗೇ ಗೊತ್ತಾಯಿತು.

ಲಂಗರಿನಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿ, ದಾಲ್ ಬಡಿಸಿದರು. ಸಸ್ಯಾಹಾರವಾದ್ದರಿಂದ ನನಗೂ ಯೋಚನೆ ಇರಲಿಲ್ಲ. ಬಿಲ್ ಇಲ್ಲ, ಟೋಕನ್ ಇಲ್ಲ. ವಾಣಿಜ್ಯ ಓದುವ ನನಗೆ ಈ ಲೆಕ್ಕ ಹೇಗೆ ಸರಿಹೋಗುತ್ತದೆ ಎಂದು ಕುತೂಹಲ. ಬಡಿಸುತ್ತಿದ್ದ ಆಂಟಿಯನ್ನು ಕೇಳಿದರೆ, "ಕೆಲವರು ಗೋಧಿ ಕೊಡುತ್ತಾರೆ, ಕೆಲವರು ಕೈ ಕೊಡುತ್ತಾರೆ" ಎಂದು ನಕ್ಕರು. ನಾವೂ ಹತ್ತು ನಿಮಿಷ ತಟ್ಟೆ ತೊಳೆದೆವು.

ಮಧ್ಯಾಹ್ನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ. ಗಾಥಿಕ್ ಶೈಲಿಯ ಈ ಚರ್ಚು 1882ರದು. 1974ರಲ್ಲಿ ಬೆಸಿಲಿಕಾ ಎಂಬ ಗೌರವ ಸಿಕ್ಕಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ದಾದಿ ಕೂಡ ಚಿಕ್ಕವರಿದ್ದಾಗ ಆ ಜಾತ್ರೆಗೆ ಹೋಗಿ ಬಳೆ ತೊಡುತ್ತಿದ್ದರಂತೆ. ಸೀರೆ ಉಟ್ಟ ಮರಿಯಮ್ಮನ ಮುಂದೆ ತಮಿಳು ಮನೆಯ ಗೆಳತಿ ಮೇಣದಬತ್ತಿ ಹಚ್ಚಿದಳು. ನಾವು ಇವರನ್ನು ಬೀಬಿ ಮರಿಯಮ್ ಎನ್ನುತ್ತೇವೆ, ಕುರ್‌ಆನಿನ 19ನೇ ಅಧ್ಯಾಯಕ್ಕೆ ಅವರದೇ ಹೆಸರಿದೆ ಎಂದೆ. ಇಷ್ಟು ವರ್ಷ ಒಂದೇ ಬೆಂಚಿನಲ್ಲಿ ಕುಳಿತರೂ ಈ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ಹೊರಗೆ ಬರುತ್ತಲೇ ಇಬ್ಬರೂ, "ಈಗ ನಿಮ್ಮ ಮಸೀದಿ ತೋರಿಸು" ಎಂದರು. ಹತ್ತಿರದ ಟಾಸ್ಕರ್ ಟೌನಿನಲ್ಲಿ ಮೋದಿ ಮಸೀದಿ ಇದೆ. ಹೆಸರು ಕೇಳಿ ಅವರು ನಕ್ಕರು. ಮೋದಿ ಅಬ್ದುಲ್ ಗಫೂರ್ ಎಂಬ ವ್ಯಾಪಾರಿ 1849ರಲ್ಲಿ ಕಟ್ಟಿಸಿದ್ದರಿಂದ ಆ ಹೆಸರು. ರಸ್ತೆಯಲ್ಲಿ ನಿಂತು ನೋಡಿದೆವು. ಅಸರ್ ನಮಾಜಿಗೆ ಗಂಡಸರು ಹೋಗುತ್ತಿದ್ದರು. "ಒಳಗೆ ಹೇಗಿರುತ್ತದೆ?" ಎಂದು ಕೇಳಿದರು. ಹೌಜ್ ಇರುತ್ತದೆ, ಮಿಹ್ರಾಬ್ ಇರುತ್ತದೆ, ಮೂರ್ತಿ ಇರುವುದಿಲ್ಲ ಎಂದೆಲ್ಲ ಹೇಳಿದೆ. ಆದರೆ ಅದೆಲ್ಲ ಅಬ್ಬಾ ಮತ್ತು ಅಣ್ಣನಿಂದ ಕೇಳಿದ್ದು. ನಮ್ಮ ಗಲ್ಲಿಯ ಮಸೀದಿಯ ಒಳಗನ್ನೂ ನಾನು ನೋಡಿಲ್ಲ, ಅಲ್ಲಿ ಹೆಂಗಸರಿಗೆ ಜಾಗವಿಲ್ಲ. ಬೇರೆಯವರ ಬಾಗಿಲಲ್ಲಿ ನನ್ನನ್ನು ಬಿಡುತ್ತಾರೋ ಇಲ್ಲವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ಆ ದಿನ ನಾನು ಹೊರಗೇ ನಿಂತದ್ದು ಇಲ್ಲಿ ಮಾತ್ರ.

ಇದನ್ನು ದೂರಾಗಿ ಬರೆಯುತ್ತಿಲ್ಲ. ಇದೇ ಮೋದಿ ಮಸೀದಿಯಲ್ಲಿ 2020ರ ಜನವರಿಯಲ್ಲಿ ಬೇರೆ ಧರ್ಮದವರನ್ನು ಕರೆದು, ಒಳಗೆಲ್ಲ ತೋರಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಿದ್ದರು. ಅಂಥ ದಿನ ಮತ್ತೆ ಬಂದರೆ ನಾವು ಮೂವರೂ ಹೋಗಬೇಕೆಂದು ಮಾತಾಡಿಕೊಂಡಿದ್ದೇವೆ. ನಮ್ಮ ಕಾಲೇಜಿನಿಂದಲೇ ಒಂದು ತಂಡವಾಗಿ ಹೋದರೆ ಇನ್ನೂ ಒಳ್ಳೆಯದು. ಉಪನ್ಯಾಸಕರು ದಯವಿಟ್ಟು ಯೋಚಿಸಬೇಕು. ಖರ್ಚು ಹೆಚ್ಚಿಲ್ಲ. ಆ ದಿನ ನನ್ನ ಪಾಲಿಗೆ ಬಂದದ್ದು ಚಹಾ, ಆಟೊ ಮತ್ತು ಚಪ್ಪಲಿ ಸ್ಟ್ಯಾಂಡ್ ಸೇರಿ 58 ರೂಪಾಯಿ.