ಮದ್ಗಿರಿ ಬಸ್ಸಿಗೊಂದು ಬೋರ್ಡು

ಐದು ರೂಪಾಯಿ ಕಾಯಿನ್ ಹಾಕಿ ಘಟಕದಿಂದ ಹಿಡಿದು ತಂದ ಫಿಲ್ಟರ್ ನೀರನ್ನು ಸಾಸರಿಗೆ ಬಗ್ಗಿಸಿಕೊಂಡು ಕೂತಿದ್ದೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಕುಡಿಯೋ ನೀರಲ್ಲಿ ಅದೇನ್ ಪೇಪರ್ ನೆನೆಹಾಕ್ತಿದ್ದೀಯೋ? ಬೋರ್ ನೀರು ಆಗಲ್ವಾ?"

ಆಗಲ್ಲ. ಮೊದಲ ಸಲ ಬೋರ್ ನೀರಲ್ಲೇ ಮಾಡಿದ್ದೆ. ಒಣಗಿದ ಮೇಲೆ ನೋಡಿದರೆ ನನ್ನ ಕೆಂಪು ಬಸ್ಸಿನ ಪಕ್ಕೆಗೆ ಯಾರೋ ವಿಭೂತಿ ಬಳಿದಿದ್ದರು. ನಮ್ಮ ಸೀಮೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳ ತಿಕ್ಕಿದವರಿಗೆ ಈ ಬಿಳುಪು ಗೊತ್ತು. ಪಾವಗಡದ ಕಡೆ ನೀರಿನ ಫ್ಲೋರೈಡು ಹಲ್ಲಿನ ಮೇಲೆ ಕಂದು ಗೆರೆ ಎಳೆಯುತ್ತದೆ. ನನ್ನ ಬಸ್ಸಿನ ಮೇಲೆ ಕೂತದ್ದು ಬರೀ ಸುಣ್ಣ. ಅಷ್ಟಕ್ಕೇ ನನಗೆ ಅಳು ಬಂದಿತ್ತು.

ಬಸ್ಸು ಅಂದರೆ ಒಂದು ಗೇಣುದ್ದದ್ದು. ಹನ್ನೊಂದು ಮೀಟರಿನ ಬಸ್ಸನ್ನು ಐವತ್ತರಲ್ಲೊಂದು ಪಾಲಿಗೆ ಇಳಿಸಿದರೆ 22 ಸೆಂಟಿಮೀಟರು. ಫೋಮ್ ಶೀಟ್ ಕೊಯ್ದು ಬಾಡಿ ಕಟ್ಟಿದೆ, ಬಣ್ಣ ಹೊಡೆದೆ, ಸೀಟೂ ಕೂರಿಸಿದೆ. ಆದರೂ ಅದು ಆಟದ ಸಾಮಾನಿನ ಹಾಗೇ ಕಾಣುತ್ತಿತ್ತು. ಬೋರ್ಡಿಲ್ಲದ ಬಸ್ಸನ್ನು ಯಾರು ಬಸ್ಸು ಅಂತಾರೆ? ನಿಲ್ದಾಣದಲ್ಲಿ ನಾವು ನೋಡುವುದು ಬಸ್ಸನ್ನಲ್ಲ, ಬೋರ್ಡನ್ನು.

ಬೋರ್ಡಿಗೆ, ನಂಬರ್ ಪ್ಲೇಟಿಗೆ ಬೇಕಾದದ್ದು ಡೆಕಾಲ್. ಕಾಗದದ ಮೇಲೆ ಗೋಂದಿನ ಪದರ, ಅದರ ಮೇಲೆ ಈರುಳ್ಳಿ ಸಿಪ್ಪೆಯ ಒಳಪೊರೆಗಿಂತ ತೆಳ್ಳನೆಯ ವಾರ್ನಿಷ್ ಪೊರೆ, ಆ ಪೊರೆಯಲ್ಲಿ ಅಕ್ಷರ. ಅರ್ಧ ನಿಮಿಷ ನೀರಲ್ಲಿಟ್ಟರೆ ಗೋಂದು ಕರಗಿ ಪೊರೆ ಸಡಿಲವಾಗುತ್ತದೆ. ಕಾಗದದ ಅಂಚನ್ನು ಬಸ್ಸಿಗೆ ತಾಗಿಸಿ, ಒದ್ದೆ ಬ್ರಷ್ಷಿನಲ್ಲಿ ಅಕ್ಷರವನ್ನು ಮೆಲ್ಲಗೆ ಜಾರಿಸಬೇಕು. ಕಿತ್ತರೆ ಹರಿಯಿತು. ಫೋನ್ ಬಂತೆಂದು ಎದ್ದುಹೋದರೆ, ವಾಪಸು ಬರುವಷ್ಟರಲ್ಲಿ ಅದು ಸಾಸರಿನಲ್ಲಿ ತೇಲುತ್ತ ಸುರುಳಿ ಸುತ್ತಿಕೊಂಡಿರುತ್ತದೆ; ಬಿಡಿಸಲು ಹೋದವನ ಸಂಜೆ ಮುಗಿಯಿತು.

ಅಕ್ಷರ ಮನೆಯಲ್ಲೇ ಪ್ರಿಂಟ್ ಮಾಡಿದ್ದು. ಇಂಕ್‌ಜೆಟ್ ಶಾಯಿ ನೀರಿಗೆ ಬಿಟ್ಟುಕೊಳ್ಳುತ್ತದೆಂಬುದು ಮರೆತು, ಮೇಲೆ ವಾರ್ನಿಷ್ ಸ್ಪ್ರೇ ಹೊಡೆಯದೆ ಮುಳುಗಿಸಿದ ದಿನ ಸಾಸರೆಲ್ಲ ನೇರಳೆ. ಇನ್ನೊಂದು ಪಾಠ: ಮನೆಯ ಪ್ರಿಂಟರಿಗೆ ಬಿಳಿ ಶಾಯಿಯೇ ಇಲ್ಲ. ಕಾಗದದ ಬಿಳುಪನ್ನು ತೋರಿಸಿ ತನ್ನದೆಂದು ನಂಬಿಸುತ್ತದೆ. ಪಾರದರ್ಶಕ ಪೊರೆಯ ಹಳದಿ ಅಕ್ಷರ ಕೆಂಪು ಬಣ್ಣದ ಮೇಲೆ ಕೂತ ಕೂಡಲೇ ಮಾಯ. ಕೊನೆಗೆ ಹಣೆಯ ಮೇಲೆ ಬಿಳಿ ಪಟ್ಟಿ ಬಳಿದು, ಕಪ್ಪು ಅಕ್ಷರಕ್ಕೆ ಒಪ್ಪಿಕೊಂಡೆ.

ಬೋರ್ಡು ಬರೆಯಿಸುವಾಗ ಒಂದು ಸೋಜಿಗ ಕಂಡಿತು. ಮಧುಗಿರಿ, ಕೊರಟಗೆರೆ, ಪಾವಗಡ, ಸಿರಾ ಇವು ನಾಲ್ಕರಲ್ಲೂ ಒಂದೇ ಒಂದು ಒತ್ತಕ್ಷರವಿಲ್ಲ! ಮೂರು ಮಿಲಿಮೀಟರ್ ಎತ್ತರದಲ್ಲಿ ಅಚ್ಚು ಹಾಕುವವನಿಗೆ ಇದು ವರ. ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿದ್ದರೆ ಈ ಹವ್ಯಾಸವನ್ನೇ ಬಿಡಬೇಕಿತ್ತು. ಆದರೂ 'ಧು'ವಿನ ಹೊಟ್ಟೆಯ ಸೀಳು ಆ ಅಳತೆಯಲ್ಲಿ ಉಳಿಯಲಿಲ್ಲ. ಬೋರ್ಡು 'ಮದುಗಿರಿ' ಎಂದೇ ಬಂತು. ಬಾಯಲ್ಲಿ ನಾವೆಲ್ಲ ಅನ್ನುವುದು ಮದ್ಗಿರಿ ತಾನೇ ಎಂದು ಸುಮ್ಮನಾದೆ. ಸಿರಾ ವಿಷಯಕ್ಕೆ ಬಂದರೆ, 'ಶಿರಾ' ಎಂದು ಬರೆಯಬೇಕೆನ್ನುವ ಗೆಳೆಯರಿದ್ದಾರೆ. ಈ ಬಸ್ಸು ಕೊರಟಗೆರೆ ಮೇಲೆ ಪಾವಗಡಕ್ಕೆ ಹೋಗುವುದು, ಸಿರಾ ದಾರಿಯೇ ಬೇರೆ ಎಂದು ಜಗಳ ತಪ್ಪಿಸಿಕೊಂಡೆ.

ಅಂಟಿಸಿದ ಮೇಲೂ ನೆಮ್ಮದಿಯಿಲ್ಲ. ಮಂಕು ಬಣ್ಣದ ಮೈ ಕಣ್ಣಿಗೆ ನುಣುಪು, ಒಳಗೆ ತರಿತರಿ. ಆ ತರಿಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಪೊರೆಯ ಅಂಚು ಬೆಳ್ಳಿಯಂತೆ ಮಿಂಚುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡೆಕಾಲ್, ಎಲ್ಲ ಮುಗಿದ ಮೇಲೆ ಬೇಕಾದರೆ ಮಂಕು. ಮೈಕ್ರೋ ಸೋಲ್ ಎಂಬ ದ್ರಾವಣ ಸವರಿದರೆ ಪೊರೆ ಮೆತ್ತಗಾಗಿ ಮೊದಲು ಸುಕ್ಕುಗಟ್ಟುತ್ತದೆ. ಹೆದರಿ ಬೆರಳಿಟ್ಟಿರೋ, ಕೆಟ್ಟಿತು. ಬಿಟ್ಟು ಕಾಫಿ ಕುಡಿದು ಬಂದರೆ ಒಂದೊಂದು ರಿವಿಟ್ಟಿನ ಉಬ್ಬಿಗೂ ಅಪ್ಪಿಕೊಂಡಿರುತ್ತದೆ.

ಈ ಕುಲದ ಅಚ್ಚು ನಮ್ಮ ಮನೆಗೆ ಹೊಸದೇನಲ್ಲ. ಅಜ್ಜಿಯ ಸಿಂಗರ್ ಮೆಷಿನ್ನಿನ ಕಪ್ಪು ಮೈಮೇಲೆ ಸಿಂಹದ ಒಡಲು, ಮನುಷ್ಯನ ಮುಖದ ಸ್ಫಿಂಕ್ಸ್ ಚಿನ್ನದ ಬಣ್ಣದಲ್ಲಿತ್ತು. ಈಜಿಪ್ಟಿನ ಆ ಪ್ರಾಣಿಯನ್ನು ಅಜ್ಜಿ ನರಸಿಂಹಸ್ವಾಮಿ ಅಂದುಕೊಂಡು ಆಯುಧಪೂಜೆಗೆ ಕುಂಕುಮ ಇಡುತ್ತಿದ್ದಳು. ಬಟ್ಟೆ ಸರಿಯುವ ಕಡೆ ಬಂಗಾರವೆಲ್ಲ ಸವೆದು, ಒಂದು ಕಾಲು ಮಾತ್ರ ಉಳಿದಿತ್ತು. ಕುಂಕುಮ ಆ ಕಾಲಿಗೇ ಬೀಳುತ್ತಿತ್ತು.

ಕೆಎ 64 ಎಂಬ ಮದ್ಗಿರಿ ನಂಬರನ್ನೂ ಅಂಟಿಸಿ ಮುಗಿಸಿದ ಭಾನುವಾರ, ಪಾವಗಡ ರೂಟಿನಲ್ಲಿ ಕಂಡಕ್ಟರಾಗಿರುವ ಪಕ್ಕದ ಮನೆಯವರು ಬಂದರು. ಕನ್ನಡಕ ಏರಿಸಿ, ಬಸ್ಸನ್ನು ಅಂಗೈಮೇಲೆ ತಿರುಗಿಸಿ ನೋಡಿದರು. ಸುಣ್ಣದ ಕಲೆ, ಧು, ಯಾವುದನ್ನೂ ಎತ್ತಲಿಲ್ಲ.

"ಪಾವಗಡಕ್ಕೆ ಹೋಯ್ತು ಸರಿ ಸಾರ್. ವಾಪಸ್ ಬರ್ಬೇಕಾದ್ರೆ ಬೋರ್ಡ್ ಹೆಂಗ್ ತಿರುಗಿಸ್ತೀರಾ?"

ನಾನು ಸಾಸರಿಗೆ ಮತ್ತೆ ನೀರು ಬಗ್ಗಿಸಿದೆ. ಅಡುಗೆಮನೆಯಲ್ಲಿ ಕ್ಯಾನಿನ ಮುಚ್ಚಳದ ಸದ್ದಿಗೆ ಅಮ್ಮ ತಿರುಗಿದ್ದು ಕೇಳಿಸಿತು.