ಆಪಾಳ ಗೋಡೆ

ಬ್ಯಾಡಗಿ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಆಪಾ ಮೆಣಸಿನಕಾಯಿ ತೊಟ್ಟು ಬಿಡಿಸಿ ಮಕ್ಕಳನ್ನು ಸಾಕಿದವಳು. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಅವಳ ಹೆಸರಿಗೆ ಮನೆ ಮಂಜೂರಾಯಿತು.

2016ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ ನೆರವು, ಕಂತುಗಳಲ್ಲಿ. ಕಟ್ಟಡ ಒಂದೊಂದು ಹಂತ ಮುಟ್ಟಿದಾಗ ಸಿಬ್ಬಂದಿ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಜಾಗದ ಅಕ್ಷಾಂಶ, ರೇಖಾಂಶ, ದಿನಾಂಕ ಅದರೊಡನೆ ದಾಖಲಾಗುತ್ತವೆ. ಇನ್ನೊಬ್ಬರ ಗೋಡೆ ತೋರಿಸಿ ಹಣ ಎತ್ತುವುದು ಸುಲಭವಲ್ಲ.

ಗೋಡೆ ಲಿಂಟಲ್ ಮಟ್ಟಕ್ಕೆ ಬಂತು. ಫೋಟೊ ತೆಗೆಯುವವರು ಮಾತ್ರ ಮೂರು ವಾರ ಬರಲಿಲ್ಲ. ಹಾವೇರಿಯ ಮೇಸ್ತ್ರಿ ಬೇರೆ ಕೆಲಸಕ್ಕೆ ಹೊರಟ. ಆಪಾ ರಾಣೆಬೆನ್ನೂರಿನ ನನ್ನ ಮನೆಗೆ ಬಂದು ಕಿವಿಯ ಝುಮ್ಕಿ ಬಿಚ್ಚಿಟ್ಟಳು.

"ಮಳೆಗೆ ಮೊದಲು ಸ್ಲ್ಯಾಬ್ ಆಗಬೇಕು. ಇದನ್ನು ಅಡವಿಡಿಸು."

ಮರುದಿನ ಇಬ್ಬರೂ ಕಚೇರಿಯ ಮುಂದೆ ಕೂತೆವು. ಸಂಜೆಗೆ ಫೋಟೊ ಆಯಿತು. ಕೆಲವು ದಿನಗಳಲ್ಲಿ ಕಂತೂ ಬಂತು, ಮೇಸ್ತ್ರಿಯೂ ಬಂದ. ಝುಮ್ಕಿ ಕಿವಿಗೇ ಮರಳಿತು.

ಮೊಬೈಲ್ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದನ್ನು ಹಿಡಿಯುವ ಕೈ ಸಮಯಕ್ಕೆ ಬರಬೇಕಲ್ಲ? ಸಹೋದರಿಯರೇ, ನಿಮ್ಮ ಹೆಸರಿನಲ್ಲಿ ಮನೆ ಏಳುತ್ತಿದ್ದರೆ, ಯಾವ ಹಂತದ ಫೋಟೊ ಯಾವತ್ತು ಆಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ.