ಹಾಲ್ಕುರಿಕೆಯ ಗಾಡಿಮನೆ

ತಿಪಟೂರನ್ನು ಬಿಟ್ಟು ಉತ್ತರಾಭಿಮುಖವಾಗಿ ಹೊರಟು ಹಾಲ್ಕುರಿಕೆಯನ್ನು ಸೇರುವವರೆಗೂ ನಮ್ಮ ಕಣ್ಣಿಗೆ ಬಿದ್ದದ್ದು ತೆಂಗು, ಮತ್ತೆ ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ಮನೆಯ ಐಶ್ವರ್ಯವನ್ನು ಅಳೆಯಬೇಕಾದರೆ ಅಟ್ಟವನ್ನು ನೋಡಬೇಕು. ಬಲಿತ ಕಾಯಿಗಳು ಅಲ್ಲಿ ವರ್ಷಕ್ಕೆ ಸಮೀಪವಾಗಿ ಮಲಗಿ, ಒಳಗಿನ ನೀರನ್ನೆಲ್ಲ ಹೀರಿಕೊಂಡು, ಅಲುಗಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತವೆ. ತಾಳ್ಮೆಯಿಂದ ಉಣ್ಣುವ ಜನ ಇವರು.

ಶಿವರಾತ್ರಿಗೆ ಇನ್ನೂ ಇಪ್ಪತ್ತು ದಿನಗಳಿರುವಾಗ ಪರಿಚಿತ ಭಕ್ತರೊಬ್ಬರು ನಮ್ಮನ್ನು ಆ ಊರಿಗೆ ಬರಮಾಡಿಕೊಂಡಿದ್ದರು. ಲಿಂಗಪೂಜೆ, ಪ್ರಸಾದಗಳಾದ ಮೇಲೆ ಯಜಮಾನರು, "ಅಯ್ಯನವರೇ, ಹಿತ್ತಲಲ್ಲಿ ಒಂದು ಹೊಸ ಮನೆ ಕಟ್ಟುತ್ತಿದ್ದೇವೆ, ತಮ್ಮ ಹಸ್ತದಿಂದ ಒಂದು ಕಾಯಿ ಒಡೆದುಕೊಡಬೇಕು" ಎಂದು ಬಿನ್ನವಿಸಿಕೊಂಡರು. ಹೋಗಿ ನೋಡಿದರೆ ಅಲ್ಲಿ ಪಾಯವೂ ಇಲ್ಲ, ಗೋಡೆಯೂ ಇಲ್ಲ! ತೋಟದಿಂದ ಕಾಯಿ ಹೇರುವ ಟ್ರ್ಯಾಕ್ಟರ್ ಟ್ರೈಲರ್ ನಿಂತಿತ್ತು. ಹತ್ತಡಿ ಉದ್ದ, ಆರಡಿ ಅಗಲ, ಎರಡೇ ಗಾಲಿ. ಖಾಲಿಯಾಗಿದ್ದಾಗಲೇ ಒಂದು ಟನ್ನಿಗೂ ಮೇಲ್ಪಟ್ಟು ತೂಗುವ ಕಬ್ಬಿಣ. ವೆಲ್ಡಿಂಗಿನ ತರುಣನೊಬ್ಬ ಅದರ ಮೇಲೆ ಪೈಪುಗಳನ್ನು ಬಗ್ಗಿಸಿ ಕಮಾನು ಮಾಡುತ್ತಿದ್ದ.

ವಿಷಯವಿಷ್ಟು. ಈ ಮನೆಯಲ್ಲಿ ಹಳ್ಳಿಕಾರ್ ತಳಿಯ ಒಂದು ಜೊತೆ ಎತ್ತುಗಳಿವೆ. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯಲ್ಲಿ ನಡೆಯುವ ದನಗಳ ಜಾತ್ರೆಗೆ ಅವುಗಳನ್ನು ಕಟ್ಟಬೇಕೆಂಬುದು ಹಿರಿಯ ಮಗನ ಆಸೆ. ಎತ್ತುಗಳು ಲಾರಿಯಲ್ಲಿ ಹೋಗುತ್ತವೆ. ಅಲ್ಲಿ ನಾಲ್ಕೈದು ದಿನ ಬಯಲಿನಲ್ಲಿರಬೇಕಾದ್ದರಿಂದ ಟ್ರೈಲರನ್ನೇ ಬಿಡಾರವಾಗಿ ಮಾಡಿ, ಅದರಲ್ಲೇ ಮನೆಮಂದಿಯನ್ನೂ ನೆಂಟರನ್ನೂ ಕೂಡಿಸಿಕೊಂಡು ಹೊರಡುವುದೆಂದು ನಿಶ್ಚಯವಾಗಿತ್ತು. ಲೆಕ್ಕ ಹಾಕಿದರೆ ಹದಿನೆಂಟು ಜನ. ಮನೆಯ ಹಿರಿಯಜ್ಜಿಗೆ ಇದರಲ್ಲಿ ಎಲ್ಲರಿಗಿಂತ ಹೆಚ್ಚು ಉತ್ಸಾಹ. ಅವರು ಮದುವೆಯಾಗಿ ಬಂದ ಕಾಲದಲ್ಲಿ ಕಮಾನುಗಾಡಿ ಕಟ್ಟಿಕೊಂಡು, ದಾರಿಯಲ್ಲಿ ಎರಡು ರಾತ್ರಿ ತಂಗಿ, ಸಿದ್ಧಗಂಗೆಗೆ ಹೋಗಿದ್ದರಂತೆ. "ಸಾಯೋದ್ರೊಳಗೆ ಇನ್ನೊಂದ್ಸಲ ಗಾಡೀಲೇ ಹೋಗ್ಬೇಕು ಅಯ್ನೋರೆ" ಎಂದರು.

ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆವು. ಒಡೆಯಲು ಮನಸ್ಸು ಬರಲಿಲ್ಲ. ನಾವು ಮಠದಲ್ಲಿ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಒಮ್ಮೆ ಜಾತ್ರೆಯಿಂದ ಗಾಡಿಯಲ್ಲಿ ಹಿಂದಿರುಗುವಾಗ ಕಡೆಗೀಲು ಕಳಚಿ ಚಕ್ರ ಉರುಳಿಹೋಯಿತು. ಎತ್ತಿನ ನಡಿಗೆಯ ವೇಗವಾದ್ದರಿಂದ ಮಂಡಿ ತರಚಿದ್ದಷ್ಟೇ ನಷ್ಟ. ಜೇಡರ ದಾಸಿಮಯ್ಯನವರು ಬಂಡಿಯ ಕಡೆಗೀಲನ್ನೇ ದೃಷ್ಟಾಂತವಾಗಿ ತೆಗೆದುಕೊಂಡದ್ದರ ಅರ್ಥ ನಮಗೆ ಪಾಠದಲ್ಲಿ ತಿಳಿದದ್ದಕ್ಕಿಂತ ಆ ದಿನ ಚೆನ್ನಾಗಿ ತಿಳಿಯಿತು. ಆದರೆ ಟ್ರ್ಯಾಕ್ಟರಿನ ವೇಗ ಎತ್ತಿನದಲ್ಲ. 2022ರ ಅಕ್ಟೋಬರ್ 1ರಂದು ಉತ್ತರಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ, ದೇವಿಯ ದರ್ಶನ ಮುಗಿಸಿ ಬರುತ್ತಿದ್ದವರ ಟ್ರೈಲರ್ ಕೊಳಕ್ಕೆ ಮಗುಚಿ 26 ಜನ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಅವರೂ ನಮ್ಮಂತೆ ಭಕ್ತರೇ, ಅವರೂ ಹೊರಡುವ ಮುನ್ನ ಕಾಯಿ ಒಡೆದಿದ್ದಿರಬೇಕು.

ಇದನ್ನು ಹೇಳಿದಾಗ ಹಿತ್ತಲಿನಲ್ಲಿ ಮೌನ ಕವಿಯಿತು. ಯಜಮಾನರ ಮುಖ ಸಪ್ಪಗಾಯಿತು. ಮಗನು ಮಾತ್ರ ಸ್ವಲ್ಪ ಬಿರುಸಾಗಿಯೇ, "ನಾಲ್ಕು ಟನ್ ಕಾಯಿ ಎಳೆಯೋ ಗಾಡಿ, ಹದಿನೆಂಟು ಜನ ಭಾರವೇ?" ಎಂದನು. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳಿದವನು ವೆಲ್ಡಿಂಗಿನ ತರುಣ. ಇಂಥ ಕೈಕಸುಬಿನವರ ಬಾಯಲ್ಲಿ ಶಾಸ್ತ್ರವು ನಮ್ಮ ಬಾಯಲ್ಲಿರುವುದಕ್ಕಿಂತ ಸ್ಪಷ್ಟವಾಗಿರುತ್ತದೆ. ಕಾಯಿ ತಳದಲ್ಲಿ ಅಲುಗದೆ ಬಿದ್ದಿರುತ್ತದೆ. ಮನುಷ್ಯರು ಎದ್ದು ನಿಲ್ಲುತ್ತಾರೆ, ಏನಾದರೂ ಕಂಡರೆ ಎಲ್ಲರೂ ಒಂದೇ ಮಗ್ಗುಲಿಗೆ ವಾಲುತ್ತಾರೆ. ಈ ಗಾಡಿಗೆ ಸ್ಪ್ರಿಂಗ್ ಪಟ್ಟಿಗಳಿಲ್ಲ, ತನ್ನದೇ ಆದ ಬ್ರೇಕೂ ಇಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಲ್ಲಬೇಕೆಂದರೂ ಹಿಂದಿನ ಭಾರ ಅದನ್ನು ತಳ್ಳುತ್ತದೆ. ಎರಡು ಗಾಲಿಯ ಟ್ರೈಲರಿನಲ್ಲಿ ಹೊರೆಯ ಒಂದು ಪಾಲು ಮುಂದಿನ ತೊಲೆಯ ಮೇಲೆ, ನಮ್ಮ ಹಳೆಯ ಮಾತಿನಲ್ಲಿ ಮೂಕಿಯ ಮೇಲೆ, ಕೂತಿರಬೇಕು. ಜನ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ಸಡಿಲುತ್ತದೆ. ಮುಂದಕ್ಕೆ ಅತಿಯಾದರೆ ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರವಾಗಿ ತಿರುವಿನಲ್ಲಿ ಮಾತು ಕೇಳುವುದಿಲ್ಲ. ಸಾಲದೆಂಬಂತೆ, ಸರಕಿನ ಟ್ರೈಲರಿನಲ್ಲಿ ಜನರನ್ನು ಸಾಗಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ, ಅಪಘಾತವಾದರೆ ವಿಮೆಯ ರಕ್ಷಣೆಯೂ ಇಲ್ಲ.

"ಹಾಗಾದ್ರೆ ಇದನ್ನೆಲ್ಲ ಬಿಚ್ಚಿಬಿಡೋದಾ?" ಎಂದು ಯಜಮಾನರು ಕೇಳಿದರು. ಬಿಚ್ಚಬೇಕಿರಲಿಲ್ಲ. 2020ರ ನವೆಂಬರಿನಿಂದ 2021ರ ಡಿಸೆಂಬರಿನವರೆಗೆ ದೆಹಲಿಯ ಸಿಂಘು, ಟಿಕ್ರಿ ಗಡಿಗಳಲ್ಲಿ ಪಂಜಾಬು, ಹರಿಯಾಣಗಳ ರೈತರು ಇಂಥ ಟ್ರೈಲರುಗಳಲ್ಲಿಯೇ ಚಳಿಗಾಲ, ಬೇಸಗೆ, ಮಳೆಗಾಲಗಳನ್ನು ಕಳೆದದ್ದನ್ನು ನಾವು ನೆನಪಿಸಿದೆವು. ಒಣಹುಲ್ಲು ಹಾಸಿ, ಅದರ ಮೇಲೆ ಗಾದಿ, ಮೇಲುಗಡೆ ಟಾರ್ಪಾಲು. ನಿಂತ ಗಾಡಿ ಒಳ್ಳೆಯ ಮನೆಯೇ. ಆದ್ದರಿಂದ ದಾರಿಯಲ್ಲಿ ಅದು ಹುಲ್ಲು, ಹಿಂಡಿ, ಪಾತ್ರೆ, ಹಾಸಿಗೆಗಳನ್ನು ಮಾತ್ರ ಹೊರಲಿ. ಸಿದ್ಧಗಂಗೆಯಲ್ಲಿ ನಿಂತ ಮೇಲೆ ಜನ ಹತ್ತಲಿ ಎಂದೆವು. ಹೆಂಗಸರು, ಮಕ್ಕಳು ತಿಪಟೂರಿನಲ್ಲಿ ಬಸ್ಸನ್ನೋ ರೈಲನ್ನೋ ಹಿಡಿದರೆ ತುಮಕೂರು ದೂರವಲ್ಲ. ಅಜ್ಜಿ ಒಪ್ಪಲು ಬಹಳ ಹೊತ್ತು ಹಿಡಿಯಿತು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವೆಂಬುದು ನಮ್ಮ ಎಲ್ಲ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡಿತೆಂದು ನಮ್ಮ ಗುಮಾನಿ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಕಮಾನನ್ನು ವೆಲ್ಡ್ ಮಾಡದೆ ಬೋಲ್ಟುಗಳಿಂದ ಬಿಗಿಯುವುದೆಂದಾಯಿತು. ನೋಂದಣಿ ಪತ್ರದ ವಿವರ ತಪ್ಪುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ. ಅದೂ ಅಲ್ಲದೆ ಜಾತ್ರೆ ಮುಗಿದ ಮರುದಿನವೇ ಅದು ಕಾಯಿ ಹೇರಬೇಕು. ಟ್ರ್ಯಾಕ್ಟರಿನಿಂದ ಬಿಡಿಸಿದ ಎರಡು ಗಾಲಿಯ ಗಾಡಿಯ ಹಿಂಬದಿಗೆ ನಾಲ್ವರು ಹತ್ತಿದರೆ ಅದು ತಕ್ಕಡಿಯಂತೆ ಹಿಂದಕ್ಕೆ ಕುಸಿಯುತ್ತದೆ. ಅದಕ್ಕಾಗಿ ನಾಲ್ಕು ಮೂಲೆಗಳಲ್ಲೂ ತಿರುಗಿಸಿ ಎತ್ತರಿಸುವ ಊರೆಗಾಲುಗಳು ಬಂದವು. ಅವು ಮಣ್ಣಿನಲ್ಲಿ ಹೂತುಹೋಗದಂತೆ ಕೆಳಗೆ ಹಲಗೆಯ ತುಂಡುಗಳು. ಕಾಯಿ ಸುರಿಯಲು ತೊಟ್ಟಿಯನ್ನು ಎತ್ತುವ ಜಾಕಿಯಿರುವುದರಿಂದ, ಮಲಗಿದವರ ಸಮೇತ ಅದು ಏಳದಂತೆ ತೊಟ್ಟಿಗೂ ಚೌಕಟ್ಟಿಗೂ ಅಡ್ಡಲಾಗಿ ಒಂದು ದಪ್ಪ ಪಿನ್ನು. ಕೊಕ್ಕೆಯ ಪಿನ್ನಿಗೆ ಕ್ಲಿಪ್ಪು, ಅದು ಮುರಿದರೂ ಗಾಡಿ ಕಳಚಿಹೋಗದಂತೆ ಸರಪಳಿ. ಆ ಸರಪಳಿಯನ್ನು ನಾವು ಕೈಯಲ್ಲಿ ಎಳೆದು ನೋಡಿದೆವು. ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ. ಅಡುಗೆ ಒಲೆ ಟಾರ್ಪಾಲಿನಿಂದ ದೂರ, ನೆಲದ ಮೇಲೆ. ತಳದ ಕಬ್ಬಿಣದ ತಂಪು ಏರದಂತೆ ತೆಂಗಿನ ಗರಿಯ ತಟ್ಟಿ, ಅದರ ಮೇಲೆ ರಾಗಿಹುಲ್ಲು. ಇದು ಅಜ್ಜಿಯ ಸೂಚನೆ; ತಟ್ಟಿಯನ್ನು ತಾವೇ ಹೆಣೆದರು.

ಕಾಯಿಯನ್ನು ಆಗ ಒಡೆದೆವು.

ಶಿವರಾತ್ರಿಗೆ ಎರಡು ದಿನ ಮುಂಚೆ ಟ್ರ್ಯಾಕ್ಟರ್ ಬೆಳಕು ಹರಿಯುವ ಮುನ್ನ ಹೊರಡದೆ, ಹರಿದ ಮೇಲೆ ಹೊರಟಿತು. ಕಿಬ್ಬನಹಳ್ಳಿ ಕ್ರಾಸು, ನಿಟ್ಟೂರು, ಗುಬ್ಬಿ ದಾಟಿ ಕ್ಯಾತ್ಸಂದ್ರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತಂತೆ. ನಾವು ಬೆಟ್ಟದ ದರ್ಶನ ಮಾಡಿ, 2019ರಲ್ಲಿ ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಗದ್ದುಗೆಗೆ ಶರಣು ಮಾಡಿ, ಸಂಜೆ ದನಗಳ ಸಾಲುಗಳ ನಡುವೆ ಹುಡುಕುತ್ತ ಹೋದೆವು. ದೂಳು, ಸಗಣಿಯ ವಾಸನೆ, ಗೆಜ್ಜೆಯ ಸದ್ದು. ಎತ್ತುಗಳು ಹುಲ್ಲು ಮೇಯುತ್ತಿದ್ದವು. ಟ್ರೈಲರ್ ನಾಲ್ಕು ಊರೆಗಾಲುಗಳ ಮೇಲೆ ಅಲುಗದೆ ನಿಂತಿತ್ತು. ಒಳಗೆ ಅಜ್ಜಿ ಕಾಲು ಚಾಚಿ ಕುಳಿತು ಮೊಮ್ಮಕ್ಕಳಿಗೆ ಕೊಬ್ಬರಿ, ಬೆಲ್ಲ ಹಂಚುತ್ತಿದ್ದರು.

"ಗಾಡಿ ಹೇಗಿದೆ ತಾಯಿ?" ಎಂದೆವು.

"ಎಲ್ಲಾ ಸರಿ ಅಯ್ನೋರೆ. ರಾತ್ರಿ ಇಬ್ಬನಿ ಟಾರ್ಪಾಲಿನ ಒಳಗೇ ತೊಟ್ಟಿಕ್ಕುತ್ತೆ. ಗಾಳಿಯಾಡೋಕೆ ಎರಡೂ ಕಡೆ ಕಿಂಡಿ ಇಡಿ ಅಂತ ಅವತ್ತೇ ಹೇಳ್ದೆ, ಯಾರು ಕೇಳ್ತಾರೆ?"

ಪಕ್ಕದ ಸಾಲಿನ ರೈತರಿಬ್ಬರು ಆಗಲೇ ಒಂದು ಹಗ್ಗ ಹಿಡಿದು ಊರೆಗಾಲಿನ ಎತ್ತರವನ್ನು ಅಳೆಯುತ್ತಿದ್ದರು.